ಯುರೋಪಿನ ಬಾಗಿಲು ಬಡಿದ ಹದಿನೆಂಟು ಮಕ್ಕಳು

ಪೌರನೀತಿ ಪುಸ್ತಕ ಬರೆಯುವವರು ಯಾವ ದೇಶದಲ್ಲಿದ್ದರೂ ಒಂದೇ ಜಾತಿಯವರು. ಸಂಸತ್ತಿಗೆ ಎಷ್ಟು ಮಂದಿ, ಕೋರ್ಟಿಗೆ ಎಷ್ಟು ಮಂದಿ, ಯಾರ ಅವಧಿ ಎಷ್ಟು ವರ್ಷ ಅಂತ ಬಾಯಿಪಾಠ ಮಾಡಿಸುತ್ತಾರೆ. ಕೊನೆಗೆ 'ಒಳ್ಳೆಯ ಪ್ರಜೆಯ ಲಕ್ಷಣಗಳನ್ನು ಬರೆಯಿರಿ' ಅಂತ ಹತ್ತು ಅಂಕದ ಪ್ರಶ್ನೆ ಕೇಳಿ ಕೈ ತೊಳೆದುಕೊಳ್ಳುತ್ತಾರೆ. ಸಂಸತ್ತಿನ ಬಾಗಿಲು ಯಾರಿಗೆ ತೆರೆದಿದೆ, ಯಾರ ಮುಖಕ್ಕೆ ಮುಚ್ಚಿದೆ, ಮುಚ್ಚಿದ ಬಾಗಿಲನ್ನು ಬಡಿಯೋದು ಹೇಗೆ, ಇದು ಆ ಪುಸ್ತಕದಲ್ಲಿ ಇರೋದಿಲ್ಲ. ಕೇರಿಯಿಂದ ಶಾಲೆಗೆ ಹೋದ ನಾವು ಹತ್ತಕ್ಕೆ ಹತ್ತು ತಗೊಂಡರೂ ಇದನ್ನು ಕಲಿಯಲಿಲ್ಲ. ಕಲಿತದ್ದು ಆಮೇಲೆ, ಬೀದಿಯಲ್ಲಿ.

ಯುರೋಪಿನಲ್ಲಿ ಎಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಒಂದು ಕೆಲಸ ನಡೆದುಕೊಂಡು ಬಂದಿದೆ. ತಮ್ಮ ಖಂಡದ ಹೊಸ ಸಂಸ್ಥೆಗಳನ್ನು ಯುವಜನರಿಗೆ ತಿಳಿಸಿಕೊಡಬೇಕು, ಅವರನ್ನು ಚಟುವಟಿಕೆಯ ನಾಗರಿಕರನ್ನಾಗಿ ಮಾಡಬೇಕು ಅಂತ ದುಡ್ಡು ಸುರಿದಿದ್ದಾರೆ, ಕಟ್ಟಡ ಕಟ್ಟಿದ್ದಾರೆ, ಶಿಬಿರ ನಡೆಸಿದ್ದಾರೆ. ಈ ಕೆಲಸದ ಚರಿತ್ರೆಯನ್ನು ನಾವು ನಮ್ಮ ಕಣ್ಣಿನಿಂದ ನೋಡಬೇಕಾಗಿದೆ. ಯಾಕೆ ಅಂದರೆ ಆ ಚರಿತ್ರೆಯ ನಡುವೆ ಶಾಲೆಯ ಪ್ರಶ್ನೆಯೊಂದು ಇದೆ, ಊರಾಚೆಯ ಪ್ರಶ್ನೆಯೊಂದು ಇದೆ. ಆ ಪ್ರಶ್ನೆ ನಮಗೆ ಗೊತ್ತಿಲ್ಲದ್ದೇನೂ ಅಲ್ಲ.

1

1950ನೇ ಇಸವಿ, ಆಗಸ್ಟ್ 6. ಫ್ರಾನ್ಸ್ ಮತ್ತು ಜರ್ಮನಿಯ ಗಡಿಯಲ್ಲಿ ವಿಸ್ಸೆಂಬೂರ್ ಅನ್ನೋ ಊರಿದೆ. ಅದರ ಹತ್ತಿರದ ಗಡಿಕಟ್ಟೆಗೆ ಎರಡೂ ಕಡೆಯಿಂದ ಸುಮಾರು ಮುನ್ನೂರು ವಿದ್ಯಾರ್ಥಿಗಳು ಬಂದರು. ಹಲವು ದೇಶದ ಹುಡುಗ ಹುಡುಗಿಯರು. ಐದು ವರ್ಷದ ಹಿಂದೆ ಅವರ ಅಣ್ಣಂದಿರು ಒಬ್ಬರನ್ನೊಬ್ಬರು ಕೊಂದಿದ್ದರು. ಈ ಮಕ್ಕಳು ಗಡಿಯ ಅಡ್ಡಮರಗಳನ್ನು ಕಿತ್ತು ರಾಶಿ ಹಾಕಿ ಬೆಂಕಿ ಕೊಟ್ಟರು. ನಮಗೆ ಒಂದು ಯುರೋಪು ಬೇಕು, ಅದಕ್ಕೊಂದು ಸಂಸತ್ತು ಬೇಕು ಅಂತ ಕೂಗಿದರು.

ಆಗ ಯುರೋಪಿನ ಸಂಸ್ಥೆಗಳು ಇನ್ನೂ ಕಣ್ಣು ಬಿಡುತ್ತಿದ್ದವು. 1949ರಲ್ಲಿ ಹತ್ತು ದೇಶಗಳು ಸೇರಿ ಕೌನ್ಸಿಲ್ ಆಫ್ ಯುರೋಪ್ ಕಟ್ಟಿಕೊಂಡಿದ್ದವು. ಅದರ ಮನೆ ಸ್ಟ್ರಾಸ್‌ಬರ್ಗ್ ಪಟ್ಟಣ. 1950ರ ಮೇ 9ರಂದು ಫ್ರಾನ್ಸಿನ ವಿದೇಶಾಂಗ ಮಂತ್ರಿ ರೋಬೆರ್ ಶೂಮನ್ ಕಲ್ಲಿದ್ದಲು ಮತ್ತು ಉಕ್ಕನ್ನು ಒಂದೇ ಆಡಳಿತದ ಕೆಳಗೆ ತರೋಣ ಅಂದರು. ಕೋವಿ ಮಾಡಲು ಬೇಕಾಗೋದು ಅವೆರಡೇ ತಾನೆ? 1951ರಲ್ಲಿ ಆರು ದೇಶಗಳು ಅದಕ್ಕೆ ಸಹಿ ಹಾಕಿದವು. 1957ರಲ್ಲಿ ರೋಮ್ ಒಪ್ಪಂದ ಆಯಿತು. ಅದೇ ಬೆಳೆದು ಬೆಳೆದು ಈಗಿನ ಐರೋಪ್ಯ ಒಕ್ಕೂಟ.

ಇಲ್ಲಿ ಒಂದು ಗೋಜಲು ಬಿಡಿಸಿಬಿಡೋಣ. ಯುರೋಪಿನ ಹುಡುಗರೇ ಇದರಲ್ಲಿ ಎಡವುತ್ತಾರೆ. ಕೌನ್ಸಿಲ್ ಆಫ್ ಯುರೋಪ್ ಬೇರೆ, ಐರೋಪ್ಯ ಒಕ್ಕೂಟ ಬೇರೆ. ಬಾವುಟ ಒಂದೇ: ನೀಲಿ ಬಟ್ಟೆ, ಹನ್ನೆರಡು ನಕ್ಷತ್ರ. ಮೊದಲನೆಯದು 1955ರಲ್ಲಿ ಮಾಡಿಕೊಂಡದ್ದನ್ನು ಎರಡನೆಯದು ಮೂವತ್ತು ವರ್ಷ ಆದಮೇಲೆ ತಾನೂ ಹಿಡಿದುಕೊಂಡಿತು. ಒಕ್ಕೂಟಕ್ಕೆ ಸಂಸತ್ತಿದೆ, ಕಾನೂನು ಮಾಡುತ್ತದೆ, ವ್ಯಾಪಾರ ನೋಡಿಕೊಳ್ಳುತ್ತದೆ. ಕೌನ್ಸಿಲ್ ಆಫ್ ಯುರೋಪ್ ಕೈಯಲ್ಲಿ ಇರೋದು ಮುಖ್ಯವಾಗಿ ಒಂದು ಕರಾರು, 1950ರ ನವೆಂಬರಿನಲ್ಲಿ ರೋಮ್‌ನಲ್ಲಿ ಸಹಿ ಆದ ಮಾನವ ಹಕ್ಕುಗಳ ಒಡಂಬಡಿಕೆ. ಆ ಕರಾರನ್ನು ಕಾಯೋದಕ್ಕೆ 1959ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ ಕಟ್ಟಿದರು. ಮೊದಲು ಬಡವನ ಅರ್ಜಿ ಅಲ್ಲಿಗೆ ನೇರ ಹೋಗುವಂತಿರಲಿಲ್ಲ. ನಡುವೆ ಒಂದು ಆಯೋಗ ಕೂತು ಜರಡಿ ಹಿಡಿಯುತ್ತಿತ್ತು. 1998ರಲ್ಲಿ ಆ ಜರಡಿ ತೆಗೆದರು. ಅಂದಿನಿಂದ ಯಾವ ಮನುಷ್ಯನಾದರೂ ತನ್ನ ದೇಶದ ಕೋರ್ಟುಗಳನ್ನೆಲ್ಲ ಹತ್ತಿ ಇಳಿದ ಮೇಲೆ ನೇರವಾಗಿ ಅಲ್ಲಿಗೆ ಅರ್ಜಿ ಹಾಕಬಹುದು. ಈ ಒಂದು ಮಾತು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

2

ಗಡಿಕಂಬ ಸುಟ್ಟ ಮಕ್ಕಳನ್ನು ದೊಡ್ಡವರು ಏನು ಮಾಡಿದರು? ಬೈಯಲಿಲ್ಲ. ಪಾಠಕ್ಕೆ ಕೂರಿಸಿದರು.

1951ರಲ್ಲಿ ಯುರೋಪಿಯನ್ ಯೂತ್ ಕ್ಯಾಂಪೇನ್ ಅಂತ ಒಂದು ಆಂದೋಲನ ಶುರುವಾಯಿತು. ಭಾಷಣ, ಕರಪತ್ರ, ವಸ್ತುಪ್ರದರ್ಶನ, ಶಿಬಿರ, ಎಲ್ಲ ಭರ್ಜರಿಯಾಗಿ ನಡೆಯಿತು. ದುಡ್ಡು ಎಲ್ಲಿಂದ ಬಂತು? ಅಮೆರಿಕದಿಂದ. ಅಲ್ಲಿ ಯುರೋಪಿನ ಒಗ್ಗಟ್ಟಿಗಾಗಿ ಅಂತ ಒಂದು ಸಮಿತಿ ಇತ್ತು. ಅದರ ಬೆನ್ನಿಗೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಇತ್ತು. ಆಮೇಲೆ ಹೊರಬಂದ ದಾಖಲೆಗಳು ಇದನ್ನು ಬಯಲು ಮಾಡಿವೆ. ರಷ್ಯಾ ಕಡೆಯವರು ಯುವಕರನ್ನು ಸೆಳೆದುಕೊಂಡಾರು ಅನ್ನೋ ಭಯಕ್ಕೆ ಇವರು ಪೌರನೀತಿ ಕಲಿಸಿದರು. 1959ರ ಹೊತ್ತಿಗೆ ಆ ಆಂದೋಲನ ಮುಗಿಯಿತು. ಮಕ್ಕಳು ತಾವಾಗಿ ಕೇಳಿದ್ದು ಸಂಸತ್ತು. ಅವರಿಗೆ ಸಿಕ್ಕಿದ್ದು ಉಪನ್ಯಾಸ.

1968ರಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿಗಳು ಬೀದಿಗೆ ಬಂದರು, ಬರ್ಲಿನ್ನಿನವರು ಬಂದರು, ರೋಮ್‌ನವರು ಬಂದರು. ಉಪನ್ಯಾಸ ಸಾಕು ಅಂದರು. ಆ ಬಿಸಿ ಸ್ಟ್ರಾಸ್‌ಬರ್ಗ್‌ಗೂ ತಟ್ಟಿತು. 1972ರಲ್ಲಿ ಅಲ್ಲಿ ಐರೋಪ್ಯ ಯುವಜನ ಕೇಂದ್ರ ಬಾಗಿಲು ತೆರೆಯಿತು. ಅದರ ಜೊತೆಗೇ ಯುವಜನ ನಿಧಿಯೊಂದು ಹುಟ್ಟಿತು. ಅಲ್ಲಿ ಒಂದು ಹೊಸ ಪದ್ಧತಿ ಬಂತು. ಸರ್ಕಾರಗಳ ಪ್ರತಿನಿಧಿಗಳೂ ಯುವ ಸಂಘಟನೆಗಳ ಪ್ರತಿನಿಧಿಗಳೂ ಒಟ್ಟಿಗೆ ಕೂತು, ಸಮಾನವಾಗಿ, ಏನು ಮಾಡಬೇಕು, ದುಡ್ಡು ಎಲ್ಲಿಗೆ ಹೋಗಬೇಕು ಅಂತ ತೀರ್ಮಾನಿಸೋದು. ಇದು ಸಣ್ಣ ವಿಷಯ ಅಲ್ಲ. ಸಂಸ್ಥೆ ಅಂದರೆ ಏನು ಅಂತ ತಿಳಿಯೋದಕ್ಕೆ ಅದರ ಬೀಗದ ಕೈಯನ್ನು ಅರ್ಧವಾದರೂ ಹಿಡಿದು ನೋಡಬೇಕು.

1979ರ ಜೂನಿನಲ್ಲಿ ಒಂಬತ್ತು ದೇಶದ ಜನ ಮೊದಲ ಸಲ ಐರೋಪ್ಯ ಸಂಸತ್ತಿಗೆ ನೇರವಾಗಿ ಓಟು ಹಾಕಿದರು. ಗಡಿಕಂಬ ಸುಟ್ಟವರು ಕೇಳಿದ್ದು ಬರಲು ಇಪ್ಪತ್ತೊಂಬತ್ತು ವರ್ಷ ಹಿಡಿಯಿತು. ನೂರಕ್ಕೆ ಸುಮಾರು 62 ಮಂದಿ ಮತ ಹಾಕಿದ್ದರು. ಆ ಸಂಸತ್ತಿನ ಅಧ್ಯಕ್ಷೆಯಾಗಿ ಆಯ್ಕೆಯಾದವರು ಫ್ರಾನ್ಸಿನ ಸಿಮೋನ್ ವೇಯ್. ಯಹೂದಿ ಮನೆತನದ ಹೆಣ್ಣುಮಗಳು. 1944ರಲ್ಲಿ ಹದಿನಾರರ ವಯಸ್ಸಿನಲ್ಲಿ ಹಿಟ್ಲರನ ಜನ ಆಕೆಯನ್ನು ಆಶ್ವಿಟ್ಜ್ ಶಿಬಿರಕ್ಕೆ ಸಾಗಿಸಿದ್ದರು. ಕೊಲ್ಲಲು ಒಯ್ದ ಹುಡುಗಿ ಬದುಕಿ ಬಂದು ಸಂಸತ್ತಿನ ಪೀಠದಲ್ಲಿ ಕೂತಳು. ಚರಿತ್ರೆಯಲ್ಲಿ ಇಂಥ ದಿನಗಳು ಬಹಳ ಇಲ್ಲ.

1987ರಲ್ಲಿ ಎರಾಸ್ಮಸ್ ಯೋಜನೆ ಬಂತು. ಒಂದು ದೇಶದ ವಿದ್ಯಾರ್ಥಿ ಇನ್ನೊಂದು ದೇಶದ ವಿಶ್ವವಿದ್ಯಾಲಯಕ್ಕೆ ಹೋಗಿ ಓದಿ ಬರಬಹುದು. ಮೊದಲ ವರ್ಷ 3,244 ಮಂದಿ ಹೋದರು, ಆಮೇಲೆ ಲಕ್ಷ ಲಕ್ಷ. ಅದೇ ವರ್ಷ ಫ್ರಾನ್ಸಿನ ಫೊಂತೆನ್‌ಬ್ಲೋದಲ್ಲಿ ಯುವ ಸಂಸತ್ತು ಅನ್ನೋದೂ ಶುರುವಾಯಿತು. ಹೈಸ್ಕೂಲು ಮಕ್ಕಳು ಸಂಸದರ ಹಾಗೆ ಸಮಿತಿ ಮಾಡಿಕೊಂಡು, ಠರಾವು ಬರೆದು, ವಾದ ಮಾಡಿ, ಕೈಯೆತ್ತಿ ಮತ ಹಾಕುತ್ತಾರೆ. ಯೂರೋಸ್ಕೋಲಾ ಅಂತ ಇನ್ನೊಂದು ಇದೆ. ಅದರಲ್ಲಿ ಶಾಲಾಮಕ್ಕಳು ಒಂದು ದಿನ ಸ್ಟ್ರಾಸ್‌ಬರ್ಗ್ ಸಂಸತ್ತಿನ ನಿಜವಾದ ಕುರ್ಚಿಯಲ್ಲೇ ಕೂರುತ್ತಾರೆ.

ಇದನ್ನೆಲ್ಲ ನಾವು ಹೀಗಳೆಯೋದಿಲ್ಲ. ಒಂದು ಮಗು ಸಂಸತ್ತಿನ ಕುರ್ಚಿಯಲ್ಲಿ ಕೂತು ಮೈಕು ಹಿಡಿದು ಮಾತಾಡಿದರೆ ಅದರ ಎದೆಯಲ್ಲಿ ಏನೋ ಅರಳುತ್ತದೆ. ಆದರೆ ಒಂದು ಪ್ರಶ್ನೆ ಕೇಳಲೇಬೇಕು. ಆ ಕುರ್ಚಿಯ ತನಕ ಬರೋ ಮಗು ಯಾವುದು? ಇಂಗ್ಲಿಷು, ಫ್ರೆಂಚು ಚೆನ್ನಾಗಿ ಬರುವ ಮಗು. ಮೇಷ್ಟರ ಕಣ್ಣಿಗೆ ಬಿದ್ದ ಮಗು. ಒಳ್ಳೆಯ ಶಾಲೆಯ ಮಗು. ಎರಾಸ್ಮಸ್‌ಗೆ ಹೋಗಬೇಕಾದರೆ ವಿಶ್ವವಿದ್ಯಾಲಯಕ್ಕೆ ಹೋಗಿರಬೇಕು. ವಿಶ್ವವಿದ್ಯಾಲಯಕ್ಕೆ ಹೋಗಬೇಕಾದರೆ ಹೈಸ್ಕೂಲು ಮುಗಿಸಿರಬೇಕು. ಏಳನೇ ವಯಸ್ಸಿಗೇ ಬೇರೆ ಶಾಲೆಯ ಬಾಗಿಲಿಗೆ ತಳ್ಳಿಸಿಕೊಂಡ ಮಗುವಿಗೆ ಯಾವ ಎರಾಸ್ಮಸ್ಸು? ಯಾವ ಸಂಸತ್ತು?

3

ಯುರೋಪಿನಲ್ಲಿ ರೋಮಾ ಅನ್ನೋ ಜನ ಇದ್ದಾರೆ. ಒಂದು ಕೋಟಿಯಿಂದ ಒಂದು ಕಾಲು ಕೋಟಿಯ ತನಕ ಇದ್ದಾರೆ ಅಂತ ಅಂದಾಜು. ಊರವರು ಅವರನ್ನು ಜಿಪ್ಸಿ ಅಂದರು, ಈಜಿಪ್ಟಿನಿಂದ ಬಂದವರು ಅಂತ ತಪ್ಪು ತಿಳಿದು. ಜರ್ಮನ್ನರು ತ್ಸಿಗೊಯ್ನರ್ ಅಂದರು, ಫ್ರೆಂಚರು ತ್ಸಿಗಾನ್ ಅಂದರು. ಈ ಹೆಸರುಗಳ ಬೇರು ಬೈಜಾಂಟಿಯಮಿನ ಗ್ರೀಕ್ ಮಾತಿನ 'ಅಥಿಂಗನೋಯಿ'ಯಲ್ಲಿದೆ ಅಂತ ಬಹುಮಂದಿ ವಿದ್ವಾಂಸರು ಹೇಳುತ್ತಾರೆ. ಆ ಮಾತಿನ ಅರ್ಥ ಕೇಳಿ: ಮುಟ್ಟದವರು, ಮುಟ್ಟಿಸಿಕೊಳ್ಳದವರು. ಅವರು ತಮ್ಮನ್ನು ಕರೆದುಕೊಳ್ಳೋದು ರೋಮಾ ಅಂತ. ಅವರ ಭಾಷೆ ನಮ್ಮ ಉತ್ತರ ಭಾರತದ ಭಾಷೆಗಳ ಒಡಹುಟ್ಟು. ಸಾವಿರ ವರ್ಷದ ಹಿಂದೆ ಅವರ ಪೂರ್ವಿಕರು ಈ ನೆಲ ಬಿಟ್ಟು ಹೊರಟವರು. ನೀರಿಗೆ ಅವರು 'ಪಾನಿ' ಅನ್ನುತ್ತಾರೆ. ಮನುಷ್ಯನಿಗೆ 'ಮಾನುಷ್' ಅನ್ನುತ್ತಾರೆ.

ಈ ಮಾನುಷರನ್ನು ಯುರೋಪು ಮನುಷ್ಯರ ಹಾಗೆ ಕಾಣಲಿಲ್ಲ. ಈಗಿನ ರೊಮೇನಿಯಾದ ಭಾಗಗಳಾದ ಮೊಲ್ಡೇವಿಯಾ, ವಲ್ಲಾಚಿಯಾಗಳಲ್ಲಿ ನೂರಾರು ವರ್ಷ ಅವರು ಜೀತದಾಳುಗಳು. ಮಠಗಳಿಗೂ ಜಮೀನ್ದಾರರಿಗೂ ಸೇರಿದ ಸ್ವತ್ತು. ಆ ಜೀತ ಕಾನೂನಿನಲ್ಲಿ ಮುಗಿದದ್ದು 1855 ಮತ್ತು 1856ರಲ್ಲಿ. ಹಿಟ್ಲರನ ಕಾಲದಲ್ಲಿ ಯಹೂದಿಗಳ ಜೊತೆ ಇವರನ್ನೂ ಲಕ್ಷಗಟ್ಟಲೆ ಕೊಂದರು. ಆಶ್ವಿಟ್ಜ್‌ನಲ್ಲಿ ಇವರಿಗೆ ಅಂತಲೇ ಒಂದು ಬೇರೆ ಹಟ್ಟಿ ಇತ್ತು. ಸುಮಾರು 23,000 ಜನರನ್ನು ಅದರೊಳಗೆ ಹಾಕಿದ್ದರು. 1944ರ ಆಗಸ್ಟ್ 2ರ ರಾತ್ರಿ ಅಲ್ಲಿ ಉಳಿದಿದ್ದ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು, ಮುದುಕರು, ಹೆಂಗಸರು, ಮಕ್ಕಳು ಅಂತ ನೋಡದೆ, ವಿಷದ ಕೋಣೆಗೆ ಅಟ್ಟಿದರು.

ಯುದ್ಧ ಮುಗಿದು ಹೊಸ ಯುರೋಪು ಕಟ್ಟಿದಾಗ ಇವರ ಸಾವು ಲೆಕ್ಕಕ್ಕೆ ಬರಲಿಲ್ಲ. 1980ರಲ್ಲಿ ಜರ್ಮನಿಯ ಸಿಂತಿಗಳು, ಇವರೂ ರೋಮಾ ಬಳಗದವರೇ, ಡಾಖಾವ್ ಶಿಬಿರದ ಜಾಗದಲ್ಲಿ ಉಪವಾಸ ಕೂತರು. 1982ರಲ್ಲಿ ಪಶ್ಚಿಮ ಜರ್ಮನಿಯ ಚಾನ್ಸಲರ್ ಹೆಲ್ಮುಟ್ ಶ್ಮಿಟ್, ಹೌದು, ಇದು ಜನಾಂಗಹತ್ಯೆ ಅಂತ ಒಪ್ಪಿಕೊಂಡರು. ಮೂವತ್ತೇಳು ವರ್ಷ ತಡವಾಗಿ. ಅದೂ ಹೊಟ್ಟೆ ಕಟ್ಟಿದ ಮೇಲೆ.

1986ರಲ್ಲಿ ಸ್ಪೇನಿನ ಹುಆನ್ ದೆ ದಿಯೋಸ್ ರಮಿರೆಸ್ ಎರೆದಿಯಾ ಐರೋಪ್ಯ ಸಂಸತ್ತಿನ ಒಳಗೆ ಕಾಲಿಟ್ಟರು, ರೋಮಾ ಜನರ ಮೊದಲ ಸದಸ್ಯರಾಗಿ. ಕೋಟಿ ಜನಕ್ಕೆ ಒಬ್ಬ ಮನುಷ್ಯ. ಕಿಟಕಿ ಒಂದಿಷ್ಟು ತೆರೆದಿತ್ತು. ಬಾಗಿಲು ಇನ್ನೂ ಮುಚ್ಚಿಯೇ ಇತ್ತು.

4

ಒಸ್ಟ್ರಾವಾ ಅನ್ನೋದು ಚೆಕ್ ದೇಶದ ಪೂರ್ವದ ಒಂದು ಪಟ್ಟಣ. ಕಲ್ಲಿದ್ದಲು ಗಣಿ, ಉಕ್ಕಿನ ಕಾರ್ಖಾನೆ. ಯುರೋಪಿನ ಒಕ್ಕೂಟ ಹುಟ್ಟಿದ್ದೇ ಕಲ್ಲಿದ್ದಲು, ಉಕ್ಕಿನ ಹೆಸರಿನಲ್ಲಿ ಅಂದೆವಲ್ಲ, ಅದೇ ಕಲ್ಲಿದ್ದಲು, ಅದೇ ಉಕ್ಕು. ಯುದ್ಧದ ಮೇಲೆ ಇಲ್ಲಿಯ ಕಠಿಣ ಕೆಲಸಕ್ಕೆ ಸ್ಲೊವಾಕಿಯಾ ಕಡೆಯಿಂದ ರೋಮಾ ಜನರನ್ನು ತಂದರು. ಚೆಕ್ ನೆಲದ ಹಳೆಯ ರೋಮಾ ಬಳಗ ಹಿಟ್ಲರನ ಕಾಲದಲ್ಲೇ ಬಹುಪಾಲು ಸತ್ತುಹೋಗಿತ್ತು. ಹೊಸದಾಗಿ ಬಂದವರು ಮಣ್ಣು ಅಗೆದರು, ಕಬ್ಬಿಣ ಕರಗಿಸಿದರು. ಅವರ ಮಕ್ಕಳು ಶಾಲೆಗೆ ಹೋದರು.

ಯಾವ ಶಾಲೆಗೆ? ಆ ದೇಶದಲ್ಲಿ 'ವಿಶೇಷ ಶಾಲೆ' ಅಂತ ಇದ್ದವು. ಬುದ್ಧಿ ಬೆಳವಣಿಗೆ ಕಡಿಮೆ ಇರುವ ಮಕ್ಕಳಿಗೆಂದು ಮಾಡಿದ್ದು. ಪಾಠ ಕಡಿಮೆ, ಲೆಕ್ಕ ಕಡಿಮೆ. ಅಲ್ಲಿ ಓದಿದವರಿಗೆ ಮುಂದಿನ ಓದಿನ ದಾರಿ ಹೆಚ್ಚುಕಡಿಮೆ ಮುಚ್ಚಿದಂತೆಯೇ. ಮಗುವಿಗೆ ಒಂದು ಬುದ್ಧಿಪರೀಕ್ಷೆ ಮಾಡುತ್ತಿದ್ದರು. ಆ ಪರೀಕ್ಷೆಯನ್ನು ಬರೆದವರು ಊರವರು, ಊರಿನ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವರು. ಮನೆಯಲ್ಲಿ ಬೇರೆ ಭಾಷೆ ಆಡುವ ರೋಮಾ ಮಗು ತಬ್ಬಿಬ್ಬಾಗುತ್ತಿತ್ತು. ಆಮೇಲೆ ಅಪ್ಪ ಅಮ್ಮನ ಮುಂದೆ ಒಂದು ಕಾಗದ. ಇಲ್ಲಿ ಸಹಿ ಹಾಕಿ. ಅಕ್ಷರ ಅಷ್ಟಕ್ಕಷ್ಟೇ ಇರುವ ಅಪ್ಪ ಅಮ್ಮ ಸಹಿ ಹಾಕುತ್ತಿದ್ದರು.

ನಮಗೆ ಈ ಕಾಗದ ಗೊತ್ತು. ನಮ್ಮ ಅಜ್ಜಂದಿರು ಹೆಬ್ಬೆಟ್ಟು ಒತ್ತಿದ ಕಾಗದಗಳಲ್ಲಿ ನಮ್ಮ ಜಮೀನು ಹೋಯಿತು, ಜೀತದ ಸಾಲ ಬೆಳೆಯಿತು. 'ನೀನೇ ಒಪ್ಪಿ ಒತ್ತಿದ್ದೀಯಲ್ಲಪ್ಪ' ಅನ್ನೋ ಮಾತು ಎಷ್ಟು ತಲೆಮಾರಿನ ಕಿವಿಯಲ್ಲಿ ಬಿದ್ದಿಲ್ಲ? ಒಸ್ಟ್ರಾವಾದಲ್ಲಿ ಆ ಕಾಗದದ ಮೇಲೆ ಹೋಗಿದ್ದು ಜಮೀನಲ್ಲ, ಮಗುವಿನ ಬದುಕು.

1996ರಿಂದ 1999ರ ನಡುವೆ ಹೀಗೆ ವಿಶೇಷ ಶಾಲೆಗೆ ಹೋದ ಮಕ್ಕಳಲ್ಲಿ ಹದಿನೆಂಟು ಮಂದಿಯ ಮನೆಯವರು ಇದು ಅನ್ಯಾಯ ಅಂತ ಎದ್ದು ನಿಂತರು. 1985ರಿಂದ 1991ರ ನಡುವೆ ಹುಟ್ಟಿದ ಮಕ್ಕಳು. ಬುಡಾಪೆಸ್ಟಿನಲ್ಲಿ 1996ರಲ್ಲಿ ಹುಟ್ಟಿದ್ದ ಯುರೋಪಿಯನ್ ರೋಮಾ ರೈಟ್ಸ್ ಸೆಂಟರ್ ಎಂಬ ಸಂಸ್ಥೆಯ ವಕೀಲರು ಬೆನ್ನಿಗೆ ನಿಂತರು. ಬರೀ ಅಳುವಿನಿಂದ ಕೋರ್ಟು ಕರಗೋದಿಲ್ಲ ಅಂತ ಅವರಿಗೆ ಗೊತ್ತಿತ್ತು. ಲೆಕ್ಕ ಬೇಕು. 1999ರಲ್ಲಿ ಪಟ್ಟಣದ 8 ವಿಶೇಷ ಶಾಲೆ ಮತ್ತು 69 ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರಿಗೆ ಪ್ರಶ್ನಾವಳಿ ಹೋಯಿತು. ಬಂದ ಉತ್ತರಗಳನ್ನು ಕೂಡಿ ಕಳೆದು ಕೋರ್ಟಿನ ಮುಂದಿಟ್ಟರು.

ಲೆಕ್ಕ ಹೀಗಿತ್ತು. ಒಸ್ಟ್ರಾವಾದ ಪ್ರಾಥಮಿಕ ಶಾಲೆಗಳ ಮಕ್ಕಳಲ್ಲಿ ರೋಮಾ ಮಕ್ಕಳು ನೂರಕ್ಕೆ 2.26. ವಿಶೇಷ ಶಾಲೆಗಳ ಮಕ್ಕಳಲ್ಲಿ ರೋಮಾ ಮಕ್ಕಳು ನೂರಕ್ಕೆ 56. ಊರವರ ಮಕ್ಕಳಲ್ಲಿ ವಿಶೇಷ ಶಾಲೆಗೆ ಹೋದವರು ನೂರಕ್ಕೆ 1.80. ರೋಮಾ ಮಕ್ಕಳಲ್ಲಿ ಹೋದವರು ನೂರಕ್ಕೆ 50.3. ಇಬ್ಬರು ಮಕ್ಕಳಲ್ಲಿ ಒಬ್ಬರು! ದೇವರು ಬುದ್ಧಿ ಹಂಚುವಾಗ ಬೀದಿ ನೋಡಿ, ಬಣ್ಣ ನೋಡಿ ಹಂಚಿದನೇ? ಅಥವಾ ಹಂಚಿದವರು ಬೇರೆ ಯಾರಾದರೂ ಇದ್ದರೇ?

5

ಮೊದಲು ಶಿಕ್ಷಣ ಇಲಾಖೆಗೆ ಹೋದರು. ಆಗಲಿಲ್ಲ. ದೇಶದ ಸಾಂವಿಧಾನಿಕ ನ್ಯಾಯಾಲಯಕ್ಕೆ ಹೋದರು. 1999ರ ಅಕ್ಟೋಬರಿನಲ್ಲಿ ಅದು ಅರ್ಜಿಯನ್ನು ತಳ್ಳಿಹಾಕಿತು. ಅಲ್ಲಿಗೆ ದೇಶದೊಳಗಿನ ಬಾಗಿಲುಗಳು ಮುಗಿದವು. ನೆನಪಿಟ್ಟುಕೊಳ್ಳಿ ಅಂದೆವಲ್ಲ, 1998ರಲ್ಲಿ ತೆರೆದ ಆ ನೇರ ದಾರಿ, ಅದು ಇತ್ತು. 2000ದ ಏಪ್ರಿಲಿನಲ್ಲಿ ಹದಿನೆಂಟು ಮಕ್ಕಳ ಅರ್ಜಿ ಸ್ಟ್ರಾಸ್‌ಬರ್ಗ್ ತಲುಪಿತು.

ಆರು ವರ್ಷ ಕಾದರು. 2006ರ ಫೆಬ್ರವರಿಯಲ್ಲಿ ಏಳು ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು. ಸೋಲು. ಆರು ಜನ ಒಂದು ಕಡೆ, ಒಬ್ಬರು ಮಾತ್ರ ಮಕ್ಕಳ ಕಡೆ. ಅಪ್ಪ ಅಮ್ಮ ಸಹಿ ಹಾಕಿದ್ದಾರಲ್ಲ ಅನ್ನೋ ಮಾತೂ ಅದರಲ್ಲಿತ್ತು. ಇಷ್ಟಕ್ಕೆ ನಮ್ಮಲ್ಲಿ ಎಷ್ಟೋ ಜನ 'ಹಣೆಬರಹ' ಅಂತ ಮನೆಗೆ ಹೋಗಿಬಿಡುತ್ತಿದ್ದರು. ಅವರು ಹೋಗಲಿಲ್ಲ. ಹದಿನೇಳು ನ್ಯಾಯಾಧೀಶರ ದೊಡ್ಡ ಪೀಠದ ಮುಂದೆ ಮತ್ತೆ ಬಾಗಿಲು ಬಡಿದರು.

2007ರ ನವೆಂಬರ್ 13. 'ಡಿ.ಎಚ್. ಮತ್ತು ಇತರರು ವಿರುದ್ಧ ಚೆಕ್ ಗಣರಾಜ್ಯ' ಅನ್ನೋ ಮೊಕದ್ದಮೆಯ ಕೊನೆಯ ತೀರ್ಪು ಬಂತು. ಹದಿಮೂರು ಜನ ಮಕ್ಕಳ ಕಡೆ, ನಾಲ್ಕು ಜನ ವಿರುದ್ಧ. ಆ ತೀರ್ಪಿನ ಸಾರವನ್ನು ನಮ್ಮ ಮಾತಿನಲ್ಲಿ ಹೇಳೋದಾದರೆ ಮೂರು ಸಂಗತಿ.

ಒಂದು, ಯಾವನೋ ಒಬ್ಬ ಅಧಿಕಾರಿ ಎದೆಯಲ್ಲಿ ವಿಷ ಇಟ್ಟುಕೊಂಡು ಇದನ್ನು ಮಾಡಿದ ಅಂತ ಸಾಬೀತು ಮಾಡಬೇಕಾಗಿಲ್ಲ. ಎಲ್ಲರಿಗೂ ಒಂದೇ ಅಂತ ಹೇಳುವ ನಿಯಮವೇ ಒಂದು ಜನಾಂಗದ ಮಕ್ಕಳನ್ನು ಮಾತ್ರ ಹೊರಗೆ ದಬ್ಬುತ್ತಿದ್ದರೆ ಅದೂ ತಾರತಮ್ಯವೇ. ಎರಡು, ಅದನ್ನು ಲೆಕ್ಕದ ಮೂಲಕ ತೋರಿಸಬಹುದು. ಲೆಕ್ಕ ಮೇಲ್ನೋಟಕ್ಕೆ ಗಟ್ಟಿಯಾಗಿದ್ದರೆ, ತಾರತಮ್ಯ ಆಗಿಲ್ಲ ಅಂತ ತೋರಿಸುವ ಹೊಣೆ ಸರ್ಕಾರದ್ದು. ಮೂರು, ತಿಳುವಳಿಕೆ ಕೊಡದೆ ಹಾಕಿಸಿಕೊಂಡ ಸಹಿಗೆ ಬೆಲೆ ಇಲ್ಲ. ಜನಾಂಗದ ಕಾರಣಕ್ಕೆ ತಾರತಮ್ಯ ಮಾಡಬಾರದು ಅನ್ನೋ ಹಕ್ಕನ್ನು ಯಾರೂ ಸಹಿ ಹಾಕಿ ಬಿಟ್ಟುಕೊಡಲು ಬರೋದಿಲ್ಲ.

ಈ ಮೂರನೇ ಮಾತನ್ನು ಓದಿದಾಗ ನಾವು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ನಮ್ಮ ಅಜ್ಜಂದಿರ ಹೆಬ್ಬೆಟ್ಟಿನ ಮಸಿ ಕಣ್ಣಮುಂದೆ ಬಂತು.

ಮಕ್ಕಳಿಗೆ ತಲಾ 4,000 ಯೂರೋ ಪರಿಹಾರ ಕೊಡಿ ಅಂದಿತು ಕೋರ್ಟು. ಆದರೆ ತೀರ್ಪು ಬಂದ ದಿನ ಆ ಮಕ್ಕಳಲ್ಲಿ ಚಿಕ್ಕವರಿಗೆ ಹದಿನಾರು, ದೊಡ್ಡವರಿಗೆ ಇಪ್ಪತ್ತೆರಡು. ಬಾಲ್ಯ ಎಲ್ಲಿಂದ ವಾಪಸ್ ತರೋದು? ತಾವು ಓದಲಾಗದ ಶಾಲೆಯ ಬಾಗಿಲನ್ನು ಅವರು ತಮ್ಮ ತಮ್ಮ ತಂಗಿಯರಿಗಾಗಿ ಬಡಿದ ಹಾಗಾಯಿತು.

ಆ ಬಾಗಿಲೂ ಪೂರಾ ತೆರೆಯಲಿಲ್ಲ. 'ವಿಶೇಷ ಶಾಲೆ' ಅನ್ನೋ ಹೆಸರನ್ನು ತೀರ್ಪಿಗೆ ಮೊದಲೇ 2005ರಲ್ಲಿ ಕಾನೂನಿನಿಂದ ತೆಗೆದಿದ್ದರು. ಬೋರ್ಡು ಬದಲಾಯಿತು, ಗೋಡೆ ಹಾಗೇ ಉಳಿಯಿತು. ತೀರ್ಪನ್ನು ಜಾರಿ ಮಾಡಿದ್ದಾರೋ ಇಲ್ಲವೋ ಅಂತ ನೋಡುವ ಕೆಲಸ ಕೌನ್ಸಿಲ್ ಆಫ್ ಯುರೋಪ್‌ನ ಮಂತ್ರಿಗಳ ಸಮಿತಿಯದು. ಹದಿನೈದು ವರ್ಷ ಕಳೆದ ಮೇಲೂ ಆ ಕಡತ ಅದರ ಮೇಜಿನ ಮೇಲೆ ಬಿದ್ದೇ ಇತ್ತು. ಐರೋಪ್ಯ ಒಕ್ಕೂಟವೂ ಕೈ ಹಾಕಿತು. ಜನಾಂಗ ಸಮಾನತೆಯ ಬಗ್ಗೆ 2000ದಲ್ಲಿ ಅದು ಮಾಡಿದ ಕಾನೂನಿನ ಪ್ರಕಾರ 2014ರಲ್ಲಿ ಚೆಕ್ ದೇಶದ ಮೇಲೂ, 2015ರಲ್ಲಿ ಸ್ಲೊವಾಕಿಯಾ ಮೇಲೂ, 2016ರಲ್ಲಿ ಹಂಗೇರಿಯ ಮೇಲೂ ಕ್ರಮ ಶುರುಮಾಡಿತು. 2016ರಲ್ಲಿ ಚೆಕ್ ದೇಶ ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಓದಲು ನೆರವು ಕೊಡುವ ಬದಲಾವಣೆ ತಂದಿತು. ಬಂಡೆ ಒಂದು ಅಂಗುಲ ಸರಿಯಿತು. ಒಂದು ಅಂಗುಲಕ್ಕೆ ಎಷ್ಟು ಜನರ ಭುಜ ಬೇಕಾಯಿತು ನೋಡಿ.

6

ಈಗ ಹೇಳಿ ಗೆಳೆಯರೆ. ಯುರೋಪಿನ ಸಂಸ್ಥೆಗಳನ್ನು ಚೆನ್ನಾಗಿ ತಿಳಿದವರು ಯಾರು? ಸಂಸತ್ತಿನ ಕುರ್ಚಿಯಲ್ಲಿ ಒಂದು ದಿನ ಕೂತು ಫೋಟೋ ತೆಗೆಸಿಕೊಂಡವರೋ, ಒಸ್ಟ್ರಾವಾದ ಮಕ್ಕಳೋ? ಬುದ್ಧಿ ಸಾಲದು ಅಂತ ಯಾರನ್ನು ಬೇರೆ ಮಾಡಿದರೋ, ಆ ಮಕ್ಕಳ ಹೆಸರಿನ ಮೊಕದ್ದಮೆಯನ್ನು ಈವತ್ತು ಯುರೋಪಿನ ಕಾನೂನು ಕಾಲೇಜುಗಳಲ್ಲಿ ಪಾಠ ಮಾಡುತ್ತಾರೆ. ಚರಿತ್ರೆಗೆ ಇಂಥ ಕುಹಕವೂ ಗೊತ್ತು.

ಇದನ್ನು ನೋಡಿದ ರೋಮಾ ಯುವಕರು ಸುಮ್ಮನೆ ಕೂರಲಿಲ್ಲ. 2010ರಲ್ಲಿ ಟೆರ್ನಿಪೆ ಎಂಬ ಯುವ ಸಂಘಟನೆ ಕಟ್ಟಿಕೊಂಡರು. ಪ್ರತಿ ವರ್ಷ ಆಗಸ್ಟ್ 2ರ ಹೊತ್ತಿಗೆ ಆಶ್ವಿಟ್ಜ್‌ಗೆ ಹೋಗುತ್ತಾರೆ. 2014ರಲ್ಲಿ, ಆ ರಾತ್ರಿಗೆ ಎಪ್ಪತ್ತು ವರ್ಷ ತುಂಬಿದಾಗ, ಹಲವು ದೇಶಗಳಿಂದ ಸುಮಾರು ಸಾವಿರ ಯುವಜನ ಸೇರಿದ್ದರು, ರೋಮಾಗಳೂ ಊರವರೂ. ಅವರ ಘೋಷಣೆ ಅವರದೇ ಭಾಷೆಯಲ್ಲಿದೆ: ದಿಖ್ ಹೆ ನಾ ಬಿಸ್ತರ್. ನೋಡು, ಮರೆಯಬೇಡ. ಹಿಂದಿ ಬಲ್ಲವರಿಗೆ ಈ ಮಾತಿಗೆ ಅನುವಾದ ಬೇಕಿಲ್ಲ. 2015ರಲ್ಲಿ ಐರೋಪ್ಯ ಸಂಸತ್ತು ಆಗಸ್ಟ್ 2ನ್ನು ರೋಮಾ ಜನಾಂಗಹತ್ಯೆಯ ನೆನಪಿನ ದಿನ ಅಂತ ಒಪ್ಪಿಕೊಂಡಿತು.

ಚೆಕ್ ದೇಶದಲ್ಲಿ ಲೆಟಿ ಅಂತ ಒಂದು ಹಳ್ಳಿ. ಯುದ್ಧಕಾಲದಲ್ಲಿ ರೋಮಾ ಜನರನ್ನು ಕೂಡಿಹಾಕಿದ ಶಿಬಿರ ಅಲ್ಲಿತ್ತು. ಮುನ್ನೂರಕ್ಕೂ ಹೆಚ್ಚು ಮಂದಿ ಅಲ್ಲೇ ಸತ್ತರು. ಹೆಚ್ಚಿನವರು ಮಕ್ಕಳು. 1970ರ ದಶಕದಲ್ಲಿ ಆ ಜಾಗದಲ್ಲಿ ಸರ್ಕಾರ ಹಂದಿ ಸಾಕುವ ದೊಡ್ಡ ಫಾರಂ ಕಟ್ಟಿಸಿತು. ಹೆಣಗಳ ಪಕ್ಕ ಹಂದಿ! ರೋಮಾ ಜನ ವರ್ಷಗಟ್ಟಲೆ ಕೂಗಿದರು. 2005ರಲ್ಲಿ ಐರೋಪ್ಯ ಸಂಸತ್ತು ಅದನ್ನು ತೆಗೆಯಿರಿ ಅಂತ ಠರಾವು ಮಾಡಿತು. 2017ರಲ್ಲಿ ಚೆಕ್ ಸರ್ಕಾರ ಫಾರಂ ಕೊಂಡುಕೊಳ್ಳಲು ಸಹಿ ಹಾಕಿತು, 2022ರಲ್ಲಿ ಕೆಡವಲು ಶುರುಮಾಡಿತು, 2024ರಲ್ಲಿ ಅಲ್ಲಿ ಸ್ಮಾರಕ ತೆರೆಯಿತು. ಸಂಸತ್ತು ಅಂದರೆ ಏನು ಅಂತ ಒಂದು ರೋಮಾ ಹುಡುಗಿಗೆ ಕಲಿಸಬೇಕಾದರೆ ಈ ಹಂದಿ ಫಾರಮ್ಮಿನಿಂದ ಶುರುಮಾಡಬೇಕು. ಠರಾವು ಅಂದರೆ ಏನು, ಅದಕ್ಕೆ ಎಷ್ಟು ಬಲ, ಎಷ್ಟು ಬಲ ಇಲ್ಲ, ಅದು ಬೆನ್ನು ಬಿಡದೆ ಕೂಗಿದವರ ಕೈಗೆ ಸಿಕ್ಕಾಗ ಏನಾಗುತ್ತದೆ, ಎಲ್ಲ ಅದರಲ್ಲಿದೆ.

ಓಟಿನ ಮಾತೂ ಹೇಳಬೇಕು. 1979ರಲ್ಲಿ 62 ಇದ್ದ ಮತದಾನ ಇಳಿದು ಇಳಿದು 2014ಕ್ಕೆ ನೂರಕ್ಕೆ 43ರ ಹತ್ತಿರ ಬಂತು. ಯುವಕರು ಬರುತ್ತಿಲ್ಲ ಅಂತ ದೊಡ್ಡವರು ತಲೆ ಚಚ್ಚಿಕೊಂಡರು. 2019ರಲ್ಲಿ ಅದು ಮತ್ತೆ 50 ದಾಟಿತು. ಹವಾಮಾನಕ್ಕಾಗಿ ಶುಕ್ರವಾರ ಶಾಲೆ ಬಿಟ್ಟು ಬೀದಿಗೆ ಬಂದ ಮಕ್ಕಳ ವರ್ಷ ಅದು. ಬೀದಿಗೆ ಬಂದವರೇ ಮತಗಟ್ಟೆಗೂ ಬಂದರು. ಆಸ್ಟ್ರಿಯಾ 2007ರಲ್ಲೇ ಹದಿನಾರಕ್ಕೆ ಓಟು ಕೊಟ್ಟಿತ್ತು. 2018ರಲ್ಲಿ ಮಾಲ್ಟಾ ಕೊಟ್ಟಿತು. 2024ರ ಐರೋಪ್ಯ ಚುನಾವಣೆಯಲ್ಲಿ ಜರ್ಮನಿ, ಬೆಲ್ಜಿಯಂಗಳ ಹದಿನಾರರ ಮಕ್ಕಳೂ ಮತ ಹಾಕಿದರು. ಒಳ್ಳೆಯದೇ. ಆದರೆ ಹದಿನಾರಕ್ಕೆ ಓಟು ಕೊಟ್ಟು ಏಳಕ್ಕೆ ಶಾಲೆ ಕಿತ್ತುಕೊಂಡರೆ ಆ ಓಟು ಯಾರ ಕೈಗೆ ಹೋದೀತು? ಓಟಿಗೆ ಮೊದಲು ಬೆಂಚು ಬೇಕು, ಎಲ್ಲ ಮಕ್ಕಳೂ ಪಕ್ಕಪಕ್ಕ ಕೂರುವ ಬೆಂಚು.

7

ಕೊನೆಗೆ ಒಂದು ಊರಿನ ಹೆಸರು ಹೇಳಿ ಮುಗಿಸುತ್ತೇವೆ. ಶಾಯೋಕಾಜ಼ಾ. ಹಂಗೇರಿಯ ಈಶಾನ್ಯ ಮೂಲೆಯ ಒಂದು ಬಡ ಹಳ್ಳಿ. ಅಲ್ಲಿ ರೋಮಾ ಜನರ ಕೇರಿ ಇದೆ. ಸ್ಟ್ರಾಸ್‌ಬರ್ಗ್ ತೀರ್ಪು ಬಂದ ಅದೇ 2007ರಲ್ಲಿ ಆ ಊರಲ್ಲಿ ಒಂದು ಶಾಲೆ ಶುರುವಾಯಿತು. ಬೇರೆ ಶಾಲೆಗಳು ಕೈಬಿಟ್ಟ ಹುಡುಗ ಹುಡುಗಿಯರನ್ನು ಕೂರಿಸಿಕೊಂಡು, ಹೈಸ್ಕೂಲಿನ ಕೊನೆಯ ಪರೀಕ್ಷೆ ಪಾಸು ಮಾಡಿಸುವ ಶಾಲೆ. ಕಟ್ಟಿದವರು ದೆರ್ದಾಕ್ ತಿಬೋರ್ ಎಂಬ ಸಮಾಜಶಾಸ್ತ್ರಜ್ಞರು ಮತ್ತು ಓರ್ಶೋಶ್ ಯಾನೋಶ್ ಎಂಬ ರೋಮಾ ಸಮುದಾಯದ ಮೇಷ್ಟರು. ಶಾಲೆಯ ಹೆಸರು: ಡಾ. ಅಂಬೇಡ್ಕರ್ ಶಾಲೆ. ಅವರು ಒಬ್ಬರನ್ನೊಬ್ಬರು ಕಂಡಾಗ ಹೇಳೋದು ಜೈ ಭೀಮ್.

ಅಷ್ಟು ದೂರದವರು ನಮ್ಮ ಬಾಬಾಸಾಹೇಬರನ್ನು ಹುಡುಕಿಕೊಂಡು ಬಂದದ್ದು ಯಾಕೆ? ಅವರ ಮುಂದೆ ಇಡೀ ಯುರೋಪಿನ ತತ್ವಜ್ಞಾನ ಇತ್ತಲ್ಲ? ಆ ತತ್ವಜ್ಞಾನದಲ್ಲಿ, ತರಗತಿಯ ಹೊರಗೆ ಗೋಣಿತಟ್ಟಿನ ಮೇಲೆ ಕೂತ ಹುಡುಗ ಮುಂದೆ ದೇಶದ ಸಂವಿಧಾನವನ್ನೇ ಬರೆಯಬಲ್ಲ ಅನ್ನೋ ಕತೆ ಇರಲಿಲ್ಲ. 1919ರಲ್ಲಿ ಬ್ರಿಟಿಷರ ಸೌತ್‌ಬರೋ ಸಮಿತಿಯ ಮುಂದೆ ನಿಂತು ಅಸ್ಪೃಶ್ಯರಿಗೆ ಓಟು ಕೊಡಿ ಅಂತ ಕೇಳಿದಾಗ ಅಂಬೇಡ್ಕರರಿಗೆ ಇಪ್ಪತ್ತೇಳು ವರ್ಷ. ಆಳುವವರ ಸಂಸ್ಥೆಯನ್ನು ಆಳುವವರಿಗಿಂತ ಚೆನ್ನಾಗಿ ಓದಿಕೊಂಡು ಹೋಗಿ, ಅದರ ಬಾಗಿಲಿನ ಯಾವ ಕೀಲು ಸಡಿಲ ಇದೆ ಅಂತ ತಿಳಿದು, ಅಲ್ಲೇ ಭುಜ ಕೊಡೋದು. ಒಸ್ಟ್ರಾವಾದ ಮನೆಯವರು ಮಾಡಿದ್ದೂ ಅದನ್ನೇ.

ಸಂಸ್ಥೆಗಳು ದೇವರಲ್ಲ. ಅವು ತಾವಾಗಿ ಬಂದು ಯಾರನ್ನೂ ಎತ್ತೋದಿಲ್ಲ. 2006ರಲ್ಲಿ ಅದೇ ಕೋರ್ಟು ಮಕ್ಕಳನ್ನು ಕೈಬಿಟ್ಟಿತ್ತು ಅನ್ನೋದನ್ನು ಮರೆಯಬಾರದು. ಸಂಸ್ಥೆಗಳು ಬರೀ ಮೋಸ ಅಂತ ದೂರ ಕೂರೋದೂ ತಪ್ಪು, ಅದರಿಂದ ಲಾಭ ಆಗೋದು ಒಳಗೆ ಕೂತವರಿಗೆ ಮಾತ್ರ. ಯಾವ ಕಚೇರಿಗೆ ಯಾವ ಅರ್ಜಿ, ಅದಕ್ಕೆ ಎಷ್ಟು ದಿನದ ವಾಯಿದೆ, ಒಂದು ಬಾಗಿಲು ಮುಚ್ಚಿದರೆ ಮುಂದಿನ ಬಾಗಿಲು ಯಾವುದು, ಲೆಕ್ಕ ಹೇಗೆ ಕೂಡಿಸಬೇಕು, ಇದನ್ನು ಕಲಿಸೋದೇ ಪೌರನೀತಿ. ಅಪ್ಪನ ಮುಂದೆ ಇಟ್ಟ ಕಾಗದವನ್ನು ಸಹಿಗೆ ಮೊದಲು ಓದಿ ಹೇಳಬಲ್ಲ ಮಗುವೇ ನಾಗರಿಕ.

ಆ ಮಗು ಒಸ್ಟ್ರಾವಾದಲ್ಲೂ ಇದೆ. ಶಾಯೋಕಾಜ಼ಾದಲ್ಲೂ ಇದೆ. ನಿಮ್ಮ ಕೇರಿಯಲ್ಲೂ ಇದೆ. ಈವತ್ತು ಸಂಜೆ ಅದರ ಪಕ್ಕ ಕೂತು ಒಂದು ಕಾಗದ ಓದಿಸಿ.